ಸ್ವವಿವರ ಪತ್ರ: ದುಡಿಮೆಯ ಕೊಟೇಶನ್

ಪೀಣ್ಯ, ಬೆಳಗಾವಿಯ ಉದ್ಯಮಬಾಗ, ಹುಬ್ಬಳ್ಳಿಯ ಗೋಕುಲ ರಸ್ತೆ, ಮೈಸೂರಿನ ಹೆಬ್ಬಾಳ – ರಾಜ್ಯದ ಯಾವ ಕೈಗಾರಿಕಾ ಪ್ರದೇಶಕ್ಕೆ ಹೋದರೂ ಸಣ್ಣ ಉದ್ದಿಮೆದಾರರಿಂದ ಕೇಳಿಬರುವ ದೂರು ಒಂದೇ: "ಕೆಲಸಕ್ಕೆ ತಕ್ಕ ಜನ ಸಿಗುತ್ತಿಲ್ಲ." ಅದೇ ಪ್ರದೇಶದ ಗೇಟುಗಳ ಮುಂದೆ ಪ್ಲಾಸ್ಟಿಕ್ ಫೈಲು ಹಿಡಿದು ನಿಂತ ತರುಣ ತರುಣಿಯರ ದೂರೂ ಒಂದೇ: "ಕಲಿತದ್ದಕ್ಕೆ ತಕ್ಕ ಕೆಲಸ ಸಿಗುತ್ತಿಲ್ಲ." ಎರಡೂ ಮಾತು ಏಕಕಾಲಕ್ಕೆ ನಿಜವಾಗಿರುವುದಕ್ಕೆ ವೇತನ, ವಸತಿ, ತರಬೇತಿಯ ಗುಣಮಟ್ಟ ಮುಂತಾದ ದೊಡ್ಡ ಕಾರಣಗಳಿವೆ. ಅವುಗಳ ಪರಿಹಾರ ಒಬ್ಬರ ಕೈಯಲ್ಲಿಲ್ಲ. ಆದರೆ ಇಬ್ಬರ ನಡುವೆ ಅಡ್ಡ ನಿಂತಿರುವ ಒಂದು ಚಿಕ್ಕ ಕಾರಣವನ್ನು ಹೆಚ್ಚಿನ ಖರ್ಚಿಲ್ಲದೆ ಸರಿಪಡಿಸಬಹುದು. ಅದುವೇ ಸ್ವವಿವರ ಪತ್ರವೆಂಬ ಒಂದು ಹಾಳೆ.

"ಅನುಭವಿ ಟರ್ನರ್ ಬೇಕಾಗಿದ್ದಾರೆ" ಎಂದು ಹದಿನೈದು ಮಂದಿ ದುಡಿಯುವ ಘಟಕವೊಂದು ಪ್ರಕಟಣೆ ನೀಡಿತೆಂದು ಭಾವಿಸಬಹುದು. ಎರಡು ದಿನಗಳಲ್ಲಿ ಮಾಲೀಕರ ಮೇಜಿನ ಮೇಲೆ ಹತ್ತಾರು ಲಕೋಟೆಗಳು, ಮೊಬೈಲಿನಲ್ಲಿ ಅದಕ್ಕಿಂತ ಹೆಚ್ಚು ವಾಟ್ಸ್‌ಆಪ್ ಸಂದೇಶಗಳು ಬಂದು ಸೇರುತ್ತವೆ. ತೆರೆದು ನೋಡಿದರೆ ಎಲ್ಲವೂ ಒಂದೇ ಅಚ್ಚಿನ ಬೆಲ್ಲ. ಮೇಲ್ಭಾಗದಲ್ಲಿ "ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯ ಏಳಿಗೆಗೆ ಶ್ರಮಿಸುವುದು" ಎಂಬರ್ಥದ ಇಂಗ್ಲಿಷ್ ವಾಕ್ಯ, ನಡುವೆ ಅಂಕಗಳ ಕೋಷ್ಟಕ, ಕೆಳಗೆ ಕ್ರಿಕೆಟ್ ಮತ್ತು ಸಂಗೀತವೆಂಬ ಹವ್ಯಾಸಗಳು, ಕೊನೆಗೆ ಮೇಲಿನದೆಲ್ಲ ಸತ್ಯವೆಂಬ ಘೋಷಣೆ. ಊರಿನ ಝೆರಾಕ್ಸ್ ಅಂಗಡಿಯ ಗಣಕಯಂತ್ರದಲ್ಲಿ ವರ್ಷಗಳ ಹಿಂದೆ ಯಾರೋ ಮಾಡಿಟ್ಟ ನಮೂನೆಯಲ್ಲಿ ಹೆಸರು ಮಾತ್ರ ಬದಲಾಗಿರುತ್ತದೆ. ಆ ಅಭ್ಯರ್ಥಿಗೆ ಯಾವ ಯಂತ್ರ ಗೊತ್ತು, ಯಾವ ಅಳತೆಯವರೆಗೆ ಕೈ ಕುದುರಿದೆ, ಡ್ರಾಯಿಂಗ್ ಓದಲು ಬರುತ್ತದೆಯೇ ಎಂಬ ಪ್ರಶ್ನೆಗಳಿಗೆ ಇಡೀ ಹಾಳೆಯಲ್ಲಿ ಉತ್ತರವಿರುವುದಿಲ್ಲ.

ಇದರಿಂದಾಗುವ ನಷ್ಟ ಎರಡು ಬಗೆಯದು. ಹಾಳೆ ಚೆಂದವಿದ್ದು ಕೈ ಪಳಗದವರು ಆಯ್ಕೆಯಾದರೆ ಕಚ್ಚಾ ಸಾಮಗ್ರಿ ಗುಜರಿಗೆ ಹೋಗುತ್ತದೆ, ಗ್ರಾಹಕರು ಮಾಲು ತಿರಸ್ಕರಿಸುತ್ತಾರೆ. ಕೈ ಪಳಗಿದ್ದು ಹಾಳೆ ಬಡವಾಗಿರುವವರು ಕೈತಪ್ಪಿದರೆ ಯಂತ್ರ ನಿಲ್ಲುತ್ತದೆ. ಮೊದಲನೆಯ ನಷ್ಟ ಲೆಕ್ಕದ ಪುಸ್ತಕದಲ್ಲಿ ಕಾಣುತ್ತದೆ. ಎರಡನೆಯದು ಎಲ್ಲಿಯೂ ದಾಖಲಾಗುವುದಿಲ್ಲವಾದ್ದರಿಂದ ಅದರ ಕಡೆ ಯಾರ ಗಮನವೂ ಹರಿಯುವುದಿಲ್ಲ.

ಹೆಸರು ಹಲವು, ಉದ್ದೇಶ ಒಂದು

ಬಯೋಡೇಟಾ, ಸಿ.ವಿ., ರೆಸ್ಯೂಮೆ – ಈ ಮೂರು ಪದಗಳನ್ನು ಇಂದು ಒಂದೇ ಅರ್ಥದಲ್ಲಿ ಬಳಸಲಾಗುತ್ತಿದೆ. ಸಿ.ವಿ. ಎಂಬುದರ ಪೂರ್ಣರೂಪ 'ಕರಿಕ್ಯುಲಂ ವಿಟೇ'. ಲ್ಯಾಟಿನ್ ಭಾಷೆಯ ಈ ಮಾತು ಬದುಕು ಸಾಗಿಬಂದ ದಾರಿಯನ್ನು ಸೂಚಿಸುತ್ತದೆ. ಅಧ್ಯಾಪಕರು, ಸಂಶೋಧಕರು ಹಲವು ಪುಟಗಳಲ್ಲಿ ಬರೆಯುವ ಪತ್ರವಿದು. ರೆಸ್ಯೂಮೆ ಫ್ರೆಂಚ್ ಮೂಲದ ಪದ. ಸಾರಾಂಶವೆಂದು ಅದರ ಅರ್ಥ. ಬಯೋಡೇಟಾ ನಮ್ಮ ದೇಶದಲ್ಲಿ ಬೇರೂರಿದ ಹೆಸರು. ಮದುವೆ ಸಂಬಂಧಕ್ಕೂ ನೌಕರಿಗೂ ಒಂದೇ ಹೆಸರಿನ ಹಾಳೆ ಓಡಾಡುವುದರಿಂದಲೇ ಇರಬೇಕು, ನೌಕರಿಯ ಹಾಳೆಯಲ್ಲಿಯೂ ತಂದೆಯ ಉದ್ಯೋಗ, ಜಾತಿ, ಎತ್ತರ, ಬಣ್ಣಗಳು ನುಸುಳಿಕೊಂಡಿವೆ.

ವ್ಯಾಪಾರಸ್ಥರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳುವುದಾದರೆ ಸ್ವವಿವರ ಪತ್ರವೆಂಬುದು ದುಡಿಮೆಯ ಕೊಟೇಶನ್. ಸರಕಿಗೆ ಕೊಟೇಶನ್ ಕೇಳಿದಾಗ "ನಮ್ಮದು ಅತ್ಯುತ್ತಮ ಸರಕು, ಪ್ರಾಮಾಣಿಕ ಸೇವೆ" ಎಂದಷ್ಟೇ ಬರೆದು ಕಳುಹಿಸಿದ ಸರಬರಾಜುದಾರನಿಗೆ ಯಾರೂ ಆರ್ಡರ್ ಕೊಡುವುದಿಲ್ಲ. ಯಾವ ದರ್ಜೆ, ಯಾವ ಅಳತೆ, ಎಷ್ಟು ಪ್ರಮಾಣ, ಎಂದು ಪೂರೈಕೆ ಎಂಬ ವಿವರ ಬೇಕೇ ಬೇಕು. ದುಡಿಮೆಯ ಕೊಟೇಶನ್ನಿಗೂ ಇದೇ ನಿಯಮ ಅನ್ವಯಿಸುತ್ತದೆ. ಮಾಡಿದ ಕೆಲಸ ಯಾವುದು, ಯಾವ ಸಾಧನದಿಂದ, ಎಷ್ಟು ಪ್ರಮಾಣದಲ್ಲಿ, ಯಾವ ಫಲಿತಾಂಶದೊಂದಿಗೆ – ಈ ನಾಲ್ಕು ಪ್ರಶ್ನೆಗಳಿಗೆ ಉತ್ತರಿಸುವ ಹಾಳೆಯೇ ಪರಿಣಾಮಕಾರಿ ಸ್ವವಿವರ.

ಹಾಳೆಯ ಕ್ರಮ

ಹತ್ತು ವರ್ಷಗಳಿಗಿಂತ ಕಡಿಮೆ ಅನುಭವ ಉಳ್ಳವರಿಗೆ ಒಂದು ಪುಟ ಸಾಕು. ಹೆಚ್ಚು ಅನುಭವವಿದ್ದರೆ ಎರಡು ಪುಟ ಮೀರಬಾರದು. ಹೆಸರು, ಊರು, ಮೊಬೈಲ್ ಸಂಖ್ಯೆಗಳ ಕೆಳಗೆ ಮೊದಲ ಸಾಲಿನಲ್ಲಿಯೇ ಕಸುಬನ್ನು ಹೇಳಬೇಕು. "ಸಿ.ಎನ್.ಸಿ. ಟರ್ನರ್, ಆರು ವರ್ಷಗಳ ಅನುಭವ, ಎರಡೂ ಪಾಳಿಗಳಲ್ಲಿ ದುಡಿಯಲು ಸಿದ್ಧ" ಎಂಬ ಒಂದು ಸಾಲು, ಧ್ಯೇಯ ಸಾರುವ ಐದು ಸಾಲುಗಳಿಗಿಂತ ಬೆಲೆಯುಳ್ಳದ್ದು.

ಅನಂತರ ಅನುಭವ ಬರಬೇಕು. ಈಗಿನ ಅಥವಾ ಇತ್ತೀಚಿನ ಕೆಲಸ ಮೊದಲು, ಹಳೆಯದು ಕೊನೆಗೆ. ಪ್ರತಿಯೊಂದಕ್ಕೂ ಸೇರಿದ ಮತ್ತು ಬಿಟ್ಟ ತಿಂಗಳು ಹಾಗೂ ವರ್ಷ, ಸಂಸ್ಥೆಯ ಹೆಸರು ಮತ್ತು ಊರು, ಅಲ್ಲಿ ತಯಾರಾಗುತ್ತಿದ್ದ ವಸ್ತು, ತಾನು ನಿರ್ವಹಿಸಿದ ಹೊಣೆ – ಇವಿಷ್ಟು ಇರಬೇಕು. ಸಣ್ಣ ಘಟಕಗಳ ಹೆಸರು ಓದುವವರಿಗೆ ತಿಳಿದಿರುವುದಿಲ್ಲ. "ಟ್ರ್ಯಾಕ್ಟರ್ ಬಿಡಿಭಾಗ ತಯಾರಿಸುವ ಘಟಕ, ಹನ್ನೆರಡು ಯಂತ್ರಗಳು" ಎಂದು ಅರ್ಧ ಸಾಲು ಸೇರಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ.

ಮೂರನೆಯದು ವಿದ್ಯಾಭ್ಯಾಸ ಮತ್ತು ತರಬೇತಿ. ಐ.ಟಿ.ಐ. ಓದಿದವರು ವೃತ್ತಿಯ ಹೆಸರು, ಅವಧಿ ಮತ್ತು ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ಪಡೆದ ವರ್ಷವನ್ನು ಬರೆಯಬೇಕು. ಫಿಟ್ಟರ್, ಟರ್ನರ್ ವೃತ್ತಿಗಳು ಎರಡು ವರ್ಷದವು, ವೆಲ್ಡರ್ ಒಂದು ವರ್ಷದ್ದು. ಕೇವಲ "ಐ.ಟಿ.ಐ. ಪಾಸು" ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಅನುಭವವಿರುವವರು ಹತ್ತನೆಯ ತರಗತಿಯ ವಿಷಯವಾರು ಅಂಕಗಳನ್ನು ಕೊಡುವ ಅಗತ್ಯವಿಲ್ಲ. ಕೊನೆಯಲ್ಲಿ ತಿಳಿದ ಭಾಷೆಗಳು, ಕೆಲಸಕ್ಕೆ ಸಂಬಂಧಿಸಿದ ಚಾಲನಾ ಪರವಾನಗಿ, ಸೇರಬಹುದಾದ ದಿನಾಂಕ ಇದ್ದರೆ ಹಾಳೆ ಪೂರ್ಣವಾಗುತ್ತದೆ.

ವಿಶೇಷಣ ಬೇಡ, ವಿವರ ಬೇಕು

ಪರಿಶ್ರಮಿ, ಪ್ರಾಮಾಣಿಕ, ಎಲ್ಲರೊಡನೆ ಹೊಂದಿಕೊಳ್ಳುವ ಸ್ವಭಾವದವನು – ಈ ಮಾತುಗಳನ್ನು ಯಾರು ಬೇಕಾದರೂ ಬರೆಯಬಹುದು. ಪ್ರಾಮಾಣಿಕನಲ್ಲದವನೂ ಪ್ರಾಮಾಣಿಕನೆಂದೇ ಬರೆದುಕೊಳ್ಳುತ್ತಾನೆ. ಆದ್ದರಿಂದ ಇಂಥ ಪದಗಳಿಗೆ ಓದುವವರ ಕಣ್ಣಿನಲ್ಲಿ ಬೆಲೆಯಿಲ್ಲ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡುವಂತೆ, ಒಂದು ಖಚಿತ ವಿವರದಿಂದ ಇಡೀ ಅನುಭವದ ಅಂದಾಜು ಸಿಗುತ್ತದೆ.

"ಲೇತ್ ಕೆಲಸ ಚೆನ್ನಾಗಿ ಗೊತ್ತು" ಎಂಬುದರ ಬದಲಿಗೆ ಟರ್ನರ್ ಒಬ್ಬರು ಹೀಗೆ ಬರೆಯಬಹುದು: "ಫ್ಯಾನುಕ್ ಕಂಟ್ರೋಲಿನ ಸಿ.ಎನ್.ಸಿ. ಲೇತಿನಲ್ಲಿ ನಾಲ್ಕು ವರ್ಷ. ಇ.ಎನ್. 8 ಉಕ್ಕಿನ ಶಾಫ್ಟ್ ಮತ್ತು ಬುಶ್‌ಗಳು. 20 ಮೈಕ್ರಾನ್‌ವರೆಗಿನ ಟಾಲರೆನ್ಸ್. ಟೂಲ್ ಆಫ್‌ಸೆಟ್ ಸ್ವತಃ ಕೊಡುತ್ತೇನೆ; ಹೊಸ ಪ್ರೋಗ್ರಾಮ್ ಬರೆಯುವುದು ಗೊತ್ತಿಲ್ಲ, ಇರುವುದನ್ನು ತಿದ್ದಬಲ್ಲೆ." ಇದರ ಕೊನೆಯ ವಾಕ್ಯ ಗಮನಾರ್ಹ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಿದ ಅಭ್ಯರ್ಥಿಯ ಉಳಿದ ಮಾತುಗಳ ಮೇಲೆ ಮಾಲೀಕರಿಗೆ ನಂಬಿಕೆ ಹುಟ್ಟುತ್ತದೆ.

ಲೆಕ್ಕಪತ್ರ ವಿಭಾಗಕ್ಕೂ ಇದೇ ಕ್ರಮ ಸಲ್ಲುತ್ತದೆ. "ಟ್ಯಾಲಿ ಬಲ್ಲೆ" ಎಂದು ಬರೆಯದ ಅರ್ಜಿಯೇ ಇಲ್ಲ. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದ ಬಳಿಕ ವ್ಯಾಪಾರಸ್ಥರಿಗೆ ಬೇಕಾಗಿರುವುದು ಅದಕ್ಕಿಂತ ಹೆಚ್ಚಿನದು. ತಿಂಗಳಿಗೆ ಎಷ್ಟು ಬಿಲ್ಲುಗಳನ್ನು ನಮೂದಿಸಿದ ಅನುಭವವಿದೆ? ಪ್ರತಿ ತಿಂಗಳು ವಿವರ ಸಲ್ಲಿಸುವವರಿಗೆ ಜಿ.ಎಸ್.ಟಿ.ಆರ್.-1ರ ಗಡುವು ಮುಂದಿನ ತಿಂಗಳ 11, ಜಿ.ಎಸ್.ಟಿ.ಆರ್.-3ಬಿಯ ಗಡುವು 20 ಎಂಬುದು ಬಾಯಿಪಾಠವಾಗಿದೆಯೇ? ಖರೀದಿ ಪುಸ್ತಕವನ್ನು ಜಿ.ಎಸ್.ಟಿ.ಆರ್.-2ಬಿಯೊಡನೆ ಹೊಂದಿಸಿ, ಹೂಡುವಳಿ ತೆರಿಗೆ ಜಮೆಯಲ್ಲಿನ ವ್ಯತ್ಯಾಸ ಹುಡುಕಿದ್ದುಂಟೇ? ಇ-ವೇ ಬಿಲ್ ತಯಾರಿಸಿದ್ದುಂಟೇ? "ಎರಡು ಸಂಸ್ಥೆಗಳ ಜಿ.ಎಸ್.ಟಿ. ವಿವರಗಳನ್ನು ಮೂರು ವರ್ಷ ತಡವಿಲ್ಲದೆ ಸಲ್ಲಿಸಿದ್ದೇನೆ" ಎಂಬ ಒಂದು ವಾಕ್ಯ, ಅದು ಸತ್ಯವಾಗಿದ್ದರೆ, ಹತ್ತು ಪ್ರಮಾಣಪತ್ರಗಳಿಗೆ ಸಮ.

ಮಾರಾಟ ಪ್ರತಿನಿಧಿಗಳು ತಿರುಗಿದ ತಾಲ್ಲೂಕುಗಳು, ವಾರಕ್ಕೆ ಭೇಟಿ ನೀಡುತ್ತಿದ್ದ ಅಂಗಡಿಗಳ ಸಂಖ್ಯೆ, ಬಾಕಿ ವಸೂಲಿಯ ಹೊಣೆ ತಮ್ಮದಾಗಿತ್ತೇ ಎಂಬುದನ್ನು ಬರೆಯಬೇಕು. ಮಾರುವುದು ಬಲ್ಲವರು ಬಹಳ. ಮಾರಿದ್ದರ ಹಣ ತರಬಲ್ಲವರು ಕಡಿಮೆ. ಉಗ್ರಾಣ ನೋಡಿಕೊಳ್ಳುವವರು ನಿಭಾಯಿಸಿದ ಬಾಬ್ತುಗಳ ಸಂಖ್ಯೆ, ದಾಸ್ತಾನು ಎಣಿಕೆಯ ಕ್ರಮ ಮತ್ತು ಪುಸ್ತಕಕ್ಕೂ ಸರಕಿಗೂ ಬರುತ್ತಿದ್ದ ವ್ಯತ್ಯಾಸವನ್ನು ತಿಳಿಸಬೇಕು.

ಇಂಥ ಅಂಕಿಗಳು ಅರ್ಜಿ ಬರೆಯಲು ಕುಳಿತಾಗ ನೆನಪಿಗೆ ಬರುವುದು ಕಷ್ಟ. ಕೆಲಸದಲ್ಲಿರುವಾಗಲೇ ಕಿಸೆಯ ಪುಸ್ತಕವೊಂದರಲ್ಲಿ ತಿಂಗಳಿಗೊಮ್ಮೆ ನಾಲ್ಕು ಸಾಲು ಬರೆದಿಡುವ ಅಭ್ಯಾಸ ಒಳ್ಳೆಯದು. ಹೊಸದಾಗಿ ಕಲಿತ ಯಂತ್ರ, ಮೊದಲ ಬಾರಿಗೆ ಮಾಡಿದ ಕೆಲಸ, ಸುಧಾರಿಸಿದ ವಿಧಾನ – ಇವೆಲ್ಲ ಅಲ್ಲಿರಬೇಕು. ಆದರೆ ಎಚ್ಚರಿಕೆಯ ಮಾತೊಂದಿದೆ. ಹಳೆಯ ಸಂಸ್ಥೆಯ ಗ್ರಾಹಕರ ಪಟ್ಟಿ, ದರ, ಡ್ರಾಯಿಂಗ್‌ಗಳು ಅಭ್ಯರ್ಥಿಯ ಸ್ವತ್ತಲ್ಲ. ಅವುಗಳನ್ನು ಸ್ವವಿವರದಲ್ಲಿ ಪ್ರದರ್ಶಿಸುವುದು ತಪ್ಪು. ಹಿಂದಿನ ಮಾಲೀಕರ ಗುಟ್ಟನ್ನು ಇಲ್ಲಿ ಬಿಚ್ಚಿಟ್ಟವರು ನಾಳೆ ಇಲ್ಲಿಯ ಗುಟ್ಟನ್ನು ಇನ್ನೊಂದು ಬಾಗಿಲಲ್ಲಿ ಬಿಚ್ಚಿಡುತ್ತಾರೆ ಎಂಬುದನ್ನು ಉದ್ದಿಮೆದಾರರೂ ಮರೆಯಬಾರದು.

ಅನುಭವವಿಲ್ಲದವರ ಅನುಭವ

ಆಗತಾನೆ ಓದು ಮುಗಿಸಿದವರು "ಅನುಭವ: ಇಲ್ಲ" ಎಂದು ಬರೆದು ಕೈತೊಳೆದುಕೊಳ್ಳುವುದುಂಟು. ಇದು ಸರಿಯಲ್ಲ. ತರಬೇತಿಯ ಅವಧಿಯಲ್ಲಿ ಮಾಡಿದ ಜಾಬ್‌ಗಳು, ಬಳಸಿದ ವರ್ನಿಯರ್ ಮತ್ತು ಮೈಕ್ರೋಮೀಟರ್, ಕಾರ್ಖಾನೆ ತರಬೇತಿಯ ವಾರಗಳು, ಡಿಪ್ಲೊಮಾ ಪ್ರಾಜೆಕ್ಟಿನಲ್ಲಿ ತಾನು ಖುದ್ದಾಗಿ ಮಾಡಿದ ಭಾಗ – ಇವೆಲ್ಲವೂ ಅನುಭವವೇ. ತಂದೆಯ ಕಿರಾಣಿ ಅಂಗಡಿಯ ಉದ್ದರಿ ಪುಸ್ತಕವನ್ನು ಎರಡು ವರ್ಷ ಬರೆದ ವಾಣಿಜ್ಯ ಪದವೀಧರೆಗೆ ಲೆಕ್ಕದ ಅನುಭವವಿಲ್ಲವೆನ್ನಲಾಗದು. ಊರಿನ ಗ್ಯಾರೇಜಿನಲ್ಲಿ ರಜಾ ದಿನಗಳಲ್ಲಿ ಪಂಪ್‌ಸೆಟ್ ರಿಪೇರಿ ಮಾಡಿದ ಹುಡುಗನಿಗೆ ಉಪಕರಣಗಳ ಪರಿಚಯವಿಲ್ಲವೆನ್ನಲಾಗದು. ನಾಚಿಕೆಯಿಂದ ಬಿಟ್ಟುಬಿಡುವ ಇಂಥ ಸಂಗತಿಗಳೇ ಸಣ್ಣ ಉದ್ದಿಮೆದಾರರ ಗಮನ ಸೆಳೆಯುವಂಥವು.

ಅಪ್ರೆಂಟಿಸ್ ತರಬೇತಿ ಪಡೆದವರು ಅದನ್ನು ವಿದ್ಯಾಭ್ಯಾಸದ ಪಟ್ಟಿಯ ಕೊನೆಯಲ್ಲಿ ಅಡಗಿಸದೆ ಅನುಭವದ ಭಾಗದಲ್ಲಿ ಬರೆಯಬೇಕು. 1961ರ ಅಪ್ರೆಂಟಿಸ್ ಕಾಯ್ದೆಯ ನಿಯಮಗಳಿಗೆ 2019ರಲ್ಲಿ ತಂದ ತಿದ್ದುಪಡಿಯಂತೆ 30 ಅಥವಾ ಹೆಚ್ಚು ಸಿಬ್ಬಂದಿಯುಳ್ಳ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಸಿಬ್ಬಂದಿಯುಳ್ಳವು ಇಚ್ಛೆಯಿದ್ದರೆ ತೆಗೆದುಕೊಳ್ಳಬಹುದು. ಸಣ್ಣ ಘಟಕಕ್ಕೆ ಇದು ಹೊರೆಯೆನ್ನಿಸಿದರೂ ಒಂದು ಲಾಭ ಸ್ಪಷ್ಟವಾಗಿದೆ. ಹಾಳೆ ಓದಿ ಊಹಿಸಬೇಕಾದ್ದನ್ನು ತಿಂಗಳುಗಟ್ಟಲೆ ಕಣ್ಣಾರೆ ನೋಡಿ ತಿಳಿಯಬಹುದು.

ಬಿಡಬೇಕಾದ ಕಾಲಂಗಳು

ಹಳೆಯ ಬಯೋಡೇಟಾದ ಜಾತಿ, ಧರ್ಮ, ವೈವಾಹಿಕ ಸ್ಥಿತಿ, ತಂದೆಯ ಉದ್ಯೋಗಗಳೆಂಬ ಕಾಲಂಗಳಿಗೆ ಖಾಸಗಿ ಉದ್ಯೋಗದ ಸ್ವವಿವರದಲ್ಲಿ ಸ್ಥಾನವಿಲ್ಲ. ಲೇತ್ ಯಂತ್ರಕ್ಕೆ ಇವುಗಳಲ್ಲಿ ಯಾವುದೂ ತಿಳಿಯದು. ಆದರೆ ಓದುವವರ ಮನಸ್ಸಿಗೆ ತಿಳಿಯುತ್ತದೆ, ಮತ್ತು ಅದು ಅರಿವಿಲ್ಲದೆಯೇ ಕೆಲಸ ಮಾಡುತ್ತದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಅವರ ಅಧ್ಯಯನವೊಂದು 2007ರಲ್ಲಿ 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ' ಪತ್ರಿಕೆಯಲ್ಲಿ ಪ್ರಕಟವಾಯಿತು. 66 ವಾರಗಳ ಕಾಲ ಖಾಸಗಿ ಸಂಸ್ಥೆಗಳ 548 ಜಾಹೀರಾತುಗಳಿಗೆ 4,808 ಅರ್ಜಿಗಳನ್ನು ಕಳುಹಿಸಿ ನಡೆಸಿದ ಪರೀಕ್ಷೆಯದು. ವಿದ್ಯಾರ್ಹತೆ, ಅನುಭವ ಸಮಾನವಾಗಿದ್ದು ಹೆಸರು ಮಾತ್ರ ಬೇರೆಯಾಗಿದ್ದಾಗ, ಮೇಲ್ಜಾತಿಯ ಹಿಂದೂ ಹೆಸರಿನ ಅರ್ಜಿಗೆ ಹೋಲಿಸಿದರೆ ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಅವಕಾಶ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿನದಕ್ಕೆ ಸುಮಾರು ಮೂರನೇ ಒಂದರಷ್ಟು ಇತ್ತು.

ಇದನ್ನು ನ್ಯಾಯದ ಪ್ರಶ್ನೆಯಾಗಿ ನೋಡಬೇಕಾದದ್ದು ಸರಿಯೇ. ಜೊತೆಗೆ ಇದು ಶುದ್ಧ ವ್ಯವಹಾರದ ಪ್ರಶ್ನೆಯೂ ಹೌದು. ಸರಕನ್ನು ನೋಡದೆ ಚೀಲದ ಮೇಲಿನ ಗುರುತು ನೋಡಿ ತಿರಸ್ಕರಿಸುವ ವರ್ತಕ ಒಳ್ಳೆಯ ಸರಕನ್ನು ಎದುರು ಅಂಗಡಿಗೆ ಬಿಟ್ಟುಕೊಡುತ್ತಾನೆ. ಅರ್ಜಿಗಳನ್ನು ಜರಡಿ ಹಿಡಿಯುವಾಗ ಕಚೇರಿಯ ಸಿಬ್ಬಂದಿ ಹೆಸರಿರುವ ಮೇಲ್ಭಾಗವನ್ನು ಮಡಚಿ ಕ್ರಮಸಂಖ್ಯೆ ಹಾಕಿಕೊಟ್ಟರೆ, ಮಾಲೀಕರು ಕೆಲಸದ ವಿವರವನ್ನಷ್ಟೇ ಓದಿ ಮೊದಲ ಪಟ್ಟಿ ಮಾಡಬಹುದು. ಇದಕ್ಕೆ ತಗಲುವ ವೆಚ್ಚ ಸೊನ್ನೆ.

ಮಹಿಳೆಯರ ಅರ್ಜಿಗಳ ವಿಷಯದಲ್ಲಿಯೂ ಇದೇ ಎಚ್ಚರ ಅಗತ್ಯ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯು ಸಮಾನ ಸ್ವರೂಪದ ಕೆಲಸಕ್ಕೆ ನೇಮಿಸಿಕೊಳ್ಳುವಾಗ ಲಿಂಗದ ಆಧಾರದ ಮೇಲೆ ತಾರತಮ್ಯ ಮಾಡುವುದನ್ನು ನಿಷೇಧಿಸಿದೆ. ಮಕ್ಕಳ ಲಾಲನೆಗಾಗಿ ಮೂರು ವರ್ಷ ಮನೆಯಲ್ಲಿದ್ದು ಮರಳಿ ಕೆಲಸ ಅರಸುವ ಲೆಕ್ಕಿಗರು ಆ ಬಿಡುವನ್ನು ಮುಚ್ಚಿಡಬೇಕಿಲ್ಲ. "2021ರಿಂದ 2024ರವರೆಗೆ ಕೌಟುಂಬಿಕ ಕಾರಣದಿಂದ ಬಿಡುವು, ಅನಂತರ ಇ-ಇನ್‌ವಾಯ್ಸ್ ವಿಧಾನ ಕಲಿತಿದ್ದೇನೆ" ಎಂಬ ಸರಳ ಸಾಲು ಸಾಕು.

ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಸಂಖ್ಯೆಗಳನ್ನು ಸ್ವವಿವರದಲ್ಲಿ ಬರೆಯಲೇಬಾರದು. ಅವು ಕೆಲಸಕ್ಕೆ ಸೇರುವ ದಿನ ಕೊಡಬೇಕಾದ ವಿವರಗಳು. ವ್ಯಕ್ತಿಗಳ ಮಾಹಿತಿಯ ರಕ್ಷಣೆಗೆ 2023ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂದಿದೆ. ಆಯ್ಕೆಯಾಗದವರ ಅರ್ಜಿಗಳನ್ನು ರದ್ದಿಗೆ ಹಾಕುವ ಬದಲು ಹರಿದು ನಾಶಪಡಿಸುವ ರೂಢಿಯನ್ನು ಸಣ್ಣ ಕಚೇರಿಗಳೂ ಬೆಳೆಸಿಕೊಳ್ಳುವುದು ಒಳಿತು.

ಭಾಷೆ ಮತ್ತು ರೂಪ

ಇಂಗ್ಲಿಷಿನಲ್ಲಿ ಬರೆದರೆ ಮಾತ್ರ ಸ್ವವಿವರವೆಂಬ ನಂಬಿಕೆ ಬಲವಾಗಿದೆ. ರಫ್ತು ವಿಭಾಗಕ್ಕೋ ಹೊರರಾಜ್ಯದ ಪತ್ರವ್ಯವಹಾರಕ್ಕೋ ಅರ್ಜಿ ಹಾಕುವವರಿಗೆ ಅದು ಬೇಕು. ಆದರೆ ಎರಕದ ಮನೆಯ ಮೋಲ್ಡರ್, ಜೀನ್ಸ್ ಘಟಕದ ಟೈಲರ್, ಗೂಡ್ಸ್ ವಾಹನದ ಚಾಲಕರಿಂದ ಬಾರದ ಇಂಗ್ಲಿಷಿನಲ್ಲಿ ಅರ್ಜಿ ನಿರೀಕ್ಷಿಸುವುದರಿಂದ ಮಾಲೀಕರಿಗೆ ದೊರಕುವುದು ಝೆರಾಕ್ಸ್ ಅಂಗಡಿಯವರ ಇಂಗ್ಲಿಷೇ ಹೊರತು ಅಭ್ಯರ್ಥಿಯ ಪರಿಚಯವಲ್ಲ. "ಕನ್ನಡದಲ್ಲಿ ಬರೆದ ಅರ್ಜಿಗಳನ್ನೂ ಸ್ವೀಕರಿಸಲಾಗುವುದು" ಎಂಬ ಒಂದು ಸಾಲನ್ನು ಪ್ರಕಟಣೆಯಲ್ಲಿ ಸೇರಿಸಿದರೆ ಜನ ತಮ್ಮ ಕೆಲಸವನ್ನು ತಮ್ಮ ಮಾತಿನಲ್ಲಿ ಹೇಳತೊಡಗುತ್ತಾರೆ. ಯಂತ್ರ, ಉಪಕರಣಗಳ ಹೆಸರುಗಳು ಕಾರ್ಖಾನೆಯಲ್ಲಿ ಬಳಕೆಯಲ್ಲಿರುವಂತೆಯೇ ಇದ್ದರೆ ಸಾಕು.

ಕನ್ನಡದಲ್ಲಿ ಬೆರಳಚ್ಚು ಮಾಡಿಸುವವರು ಒಂದು ತಾಂತ್ರಿಕ ಅಂಶವನ್ನು ಗಮನಿಸಬೇಕು. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಸಿದ್ಧಪಡಿಸಿದ ಕಡತವು ಆ ಅಕ್ಷರಗಳಿಲ್ಲದ ಗಣಕಯಂತ್ರ ಅಥವಾ ಮೊಬೈಲಿನಲ್ಲಿ ತೆರೆದಾಗ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿ ಪಿ.ಡಿ.ಎಫ್. ರೂಪದಲ್ಲಿ ಕಳುಹಿಸಿದರೆ ಈ ತೊಂದರೆಯಿರುವುದಿಲ್ಲ. ಕಡತಕ್ಕೆ 'ಹೊಸದು-1' ಎಂಬಂಥ ಹೆಸರಿಡದೆ ತಮ್ಮ ಹೆಸರು ಮತ್ತು ಕಸುಬನ್ನೇ ಇಟ್ಟರೆ, ವಾರದ ನಂತರ ಹುಡುಕುವ ಮಾಲೀಕರ ಕೈಗೆ ಬೇಗ ಸಿಗುತ್ತದೆ. ಓರೆಯಾಗಿ, ಮಬ್ಬಾಗಿ ತೆಗೆದ ಹಾಳೆಯ ಛಾಯಾಚಿತ್ರವನ್ನು ಕಳುಹಿಸುವುದು ಕೊನೆಯ ಉಪಾಯವಾಗಬೇಕು. ಅನೇಕರು ಸೋಲುವುದು ಇದಕ್ಕಿಂತಲೂ ಸಣ್ಣ ಸಂಗತಿಯಲ್ಲಿ: ಸ್ವವಿವರದಲ್ಲಿರುವ ಮೊಬೈಲ್ ಸಂಖ್ಯೆ ಬದಲಾಗಿರುತ್ತದೆ. ಕಳುಹಿಸುವ ಮುನ್ನ ಅದನ್ನೊಮ್ಮೆ ನೋಡಿಕೊಳ್ಳುವುದು ಲೇಸು.

ಸತ್ಯದ ಪರೀಕ್ಷೆ

ಆರು ತಿಂಗಳ ಅನುಭವವನ್ನು ಎರಡು ವರ್ಷವೆಂದು ಬರೆಯುವುದು, ನಡುವೆ ಕೆಲಸವಿಲ್ಲದ ಅವಧಿಯನ್ನು ಮುಚ್ಚಿಹಾಕುವುದು ಇಂದು ಹೆಚ್ಚು ದಿನ ನಡೆಯುವುದಿಲ್ಲ. ಭವಿಷ್ಯನಿಧಿಯ ಸದಸ್ಯರಿಗೆ 2014ರಿಂದ ಯು.ಎ.ಎನ್. ಎಂಬ ಒಂದೇ ಖಾತಾಸಂಖ್ಯೆ ನೀಡಲಾಗುತ್ತಿದ್ದು, ಯಾವ ಸಂಸ್ಥೆಯಲ್ಲಿ ಎಂದಿನಿಂದ ಎಂದಿನವರೆಗೆ ಇದ್ದರೆಂಬ ಸೇವಾ ಇತಿಹಾಸ ಅದರಲ್ಲಿ ದೊರಕುತ್ತದೆ. ಅಭ್ಯರ್ಥಿ ಸ್ವಇಚ್ಛೆಯಿಂದ ಅದನ್ನು ತೆರೆದು ತೋರಿಸಿದರೆ ಸಂಶಯಕ್ಕೆ ಎಡೆಯಿರುವುದಿಲ್ಲ. 2015ರಲ್ಲಿ ಆರಂಭವಾದ ಡಿಜಿಲಾಕರ್ ಮೂಲಕ ಅನೇಕ ಅಂಕಪಟ್ಟಿ ಮತ್ತು ಪ್ರಮಾಣಪತ್ರಗಳನ್ನು ನೇರವಾಗಿ ತೋರಿಸಬಹುದು. ಆದರೆ ಭವಿಷ್ಯನಿಧಿ ಕಾಯ್ದೆ ಸಾಮಾನ್ಯವಾಗಿ 20 ಅಥವಾ ಹೆಚ್ಚು ಸಿಬ್ಬಂದಿಯುಳ್ಳ ಸಂಸ್ಥೆಗಳಿಗೆ ಅನ್ವಯಿಸುವುದರಿಂದ, ಅದಕ್ಕಿಂತ ಚಿಕ್ಕ ಘಟಕಗಳಲ್ಲಿ ದುಡಿದವರ ಹತ್ತಾರು ವರ್ಷಗಳ ಅನುಭವಕ್ಕೆ ಇಂಥ ದಾಖಲೆಯಿರುವುದಿಲ್ಲ. ದಾಖಲೆ ಇಲ್ಲವೆಂದ ಮಾತ್ರಕ್ಕೆ ಅನುಭವ ಸುಳ್ಳಲ್ಲ.

ಅಂಥವರ ಮಟ್ಟಿಗೆ ಅಂತಿಮ ಸಾಕ್ಷಿ ಕೈಕೆಲಸವೇ. ಸ್ವವಿವರದಲ್ಲಿ ಬರೆದ ಒಂದು ಸಾಲನ್ನು ಹಿಡಿದು ಪರೀಕ್ಷೆ ಕೊಡುವುದು ಉತ್ತಮ ವಿಧಾನ. ಡ್ರಾಯಿಂಗ್ ಓದಬಲ್ಲೆನೆಂದವರ ಮುಂದೆ ಡ್ರಾಯಿಂಗ್ ಇಡಬಹುದು. ಅಳತೆ ಬಲ್ಲೆನೆಂದವರ ಕೈಗೆ ಮೈಕ್ರೋಮೀಟರ್ ಕೊಡಬಹುದು. ಲೆಕ್ಕ ಬಲ್ಲವರಿಗೆ ಐದು ಬಿಲ್ಲುಗಳನ್ನು ಕೊಟ್ಟು ನಮೂದಿಸಲು ಹೇಳಬಹುದು. ಅರ್ಧ ಗಂಟೆಯ ಈ ಪರೀಕ್ಷೆ, "ಐದು ವರ್ಷಗಳ ನಂತರ ಎಲ್ಲಿರಲು ಬಯಸುವಿರಿ" ಎಂಬ ಎರವಲು ಪ್ರಶ್ನೆಗಿಂತ ಹೆಚ್ಚು ತಿಳಿಸುತ್ತದೆ. ಪರಿಚಯಸ್ಥರ ಶಿಫಾರಸಿನಿಂದ ಬಂದವರಿಗೂ ಇದೇ ಪರೀಕ್ಷೆ ಇರಬೇಕು. ಶಿಫಾರಸು ನಡತೆಗೆ ಜಾಮೀನಾಗಬಹುದು, ಕಸುಬಿಗೆ ಆಗಲಾರದು.

ಮಾಲೀಕರ ಪಾಲಿನ ಹೊಣೆ

ಇಲ್ಲಿಯವರೆಗಿನ ಮಾತು ಬಹುಮಟ್ಟಿಗೆ ಬರೆಯುವವರಿಗೆ ಸಂಬಂಧಿಸಿದ್ದು. ಆದರೆ ಬಡವಾದ ಸ್ವವಿವರಕ್ಕೆ ಬರೆದವರೊಬ್ಬರೇ ಕಾರಣರಲ್ಲ. ಪ್ರಕಟಣೆಯಲ್ಲಿ "ಅನುಭವಿಗಳು ಬೇಕಾಗಿದ್ದಾರೆ, ಆಕರ್ಷಕ ಸಂಬಳ" ಎಂದಷ್ಟೇ ಇದ್ದರೆ ಬರುವ ಉತ್ತರವೂ ಅಷ್ಟೇ ಅಸ್ಪಷ್ಟವಾಗಿರುತ್ತದೆ. ಯಾವ ಯಂತ್ರ, ಯಾವ ಪಾಳಿ, ಸಂಬಳ ಎಷ್ಟರಿಂದ ಎಷ್ಟರವರೆಗೆ, ಘಟಕ ಇರುವ ಸ್ಥಳ, ವಸತಿ ಅಥವಾ ಬಸ್ಸಿನ ಅನುಕೂಲ – ಇವನ್ನು ತಿಳಿಸಿ, "ನಿರ್ವಹಿಸಿದ ಯಂತ್ರಗಳ ಹೆಸರನ್ನು ತಪ್ಪದೆ ಬರೆಯಿರಿ" ಎಂದು ಕೇಳಿದರೆ ಅರ್ಜಿಗಳ ಸಂಖ್ಯೆ ಇಳಿಯಬಹುದು, ಉಪಯುಕ್ತ ಅರ್ಜಿಗಳ ಸಂಖ್ಯೆ ಏರುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಅನುಭವ ಪತ್ರ. ಕೆಲಸ ಬಿಡುವವರು ಅನುಭವ ಪತ್ರ ಕೇಳಿದಾಗ ಮುಖ ಸಿಂಡರಿಸುವುದು, ಇಂದು ನಾಳೆ ಎಂದು ತಿರುಗಿಸುವುದು, ಕೊಟ್ಟರೂ "ಇವರು ನಮ್ಮಲ್ಲಿ ಕೆಲಸ ಮಾಡಿದ್ದಾರೆ" ಎಂಬ ಒಂದೇ ಸಾಲು ಬರೆಯುವುದು ಸಣ್ಣ ಘಟಕಗಳಲ್ಲಿ ಅಪರೂಪವೇನಲ್ಲ. ಬಿಟ್ಟುಹೋಗುವವರಿಗೆ ಉಪಕಾರವೇಕೆ ಎಂಬ ಭಾವನೆ ಅದರ ಹಿಂದಿರುತ್ತದೆ. ಆದರೆ ಆ ಮಾಲೀಕರೇ ಮುಂದಿನ ವಾರ ಹೊಸ ಅರ್ಜಿಗಳನ್ನು ಹಿಡಿದು "ಒಬ್ಬರ ಬಳಿಯೂ ಸರಿಯಾದ ಅನುಭವ ಪತ್ರವಿಲ್ಲ" ಎಂದು ಪೇಚಾಡುತ್ತಾರೆ. ಒಂದು ಗೇಟಿನೊಳಗೆ ಬಿತ್ತದಿದ್ದದ್ದು ಇನ್ನೊಂದು ಗೇಟಿನಲ್ಲಿ ಬೆಳೆಯುವುದು ಹೇಗೆ?

ಒಳ್ಳೆಯ ಅನುಭವ ಪತ್ರಕ್ಕೆ ಐದು ಸಾಲು ಸಾಕು: "ಇವರು 2019ರ ಜೂನ್‌ನಿಂದ 2024ರ ಮಾರ್ಚ್‌ವರೆಗೆ ನಮ್ಮ ಘಟಕದಲ್ಲಿ ಟರ್ನರ್ ಆಗಿದ್ದರು. ಮೊದಲ ಎರಡು ವರ್ಷ ಸಾಮಾನ್ಯ ಲೇತ್, ಅನಂತರ ಸಿ.ಎನ್.ಸಿ. ಲೇತ್ ನಿರ್ವಹಿಸಿದರು. ಪಂಪ್ ಶಾಫ್ಟ್ ಮತ್ತು ಬುಶ್ ಇವರ ಮುಖ್ಯ ಕೆಲಸ. ಡ್ರಾಯಿಂಗ್ ಓದಿ ಸ್ವತಂತ್ರವಾಗಿ ಕೆಲಸ ಮಾಡಬಲ್ಲರು. ಸ್ವಂತ ಊರಿಗೆ ಹೋಗುವ ಕಾರಣ ಕೆಲಸ ಬಿಟ್ಟಿದ್ದಾರೆ." ಸಂಸ್ಥೆಯ ಲೆಟರ್‌ಹೆಡ್, ಸಹಿ, ಮೊಹರು, ದೂರವಾಣಿ ಸಂಖ್ಯೆ ಇದ್ದರೆ ಇದು ಆ ಕಾರ್ಮಿಕರ ಮುಂದಿನ ಸ್ವವಿವರದ ಬೆನ್ನೆಲುಬಾಗುತ್ತದೆ. ಹೊಗಳಿಕೆಯ ಅಗತ್ಯವಿಲ್ಲ, ಮಾಡಿದ ಕೆಲಸದ ವಿವರವಿದ್ದರೆ ಸಾಕು.

ನೇಮಕಾತಿ ಪತ್ರದ ವಿಷಯವೂ ಇದಕ್ಕೆ ಹೊಂದಿಕೊಂಡಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ದುಡಿಮೆಯ ಸ್ಥಿತಿಗತಿಗಳ ಸಂಹಿತೆಯು ತನ್ನ ವ್ಯಾಪ್ತಿಯ ಸಂಸ್ಥೆಗಳಲ್ಲಿ ಪ್ರತಿಯೊಬ್ಬ ನೌಕರರಿಗೂ ನೇಮಕಾತಿ ಪತ್ರ ನೀಡುವುದನ್ನು ಕಡ್ಡಾಯಗೊಳಿಸಿದೆ. ಸಾಮಾನ್ಯವಾಗಿ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳು ಅದರ ವ್ಯಾಪ್ತಿಗೆ ಬರುತ್ತವೆ. ಸೇರುವ ದಿನ ನೇಮಕಾತಿ ಪತ್ರ, ಬಿಡುವ ದಿನ ಅನುಭವ ಪತ್ರ – ಈ ಎರಡು ಕಾಗದಗಳಿದ್ದರೆ ಕಾರ್ಮಿಕರು ಸ್ವವಿವರ ಬರೆಯಲು ಝೆರಾಕ್ಸ್ ಅಂಗಡಿಯ ನಮೂನೆಯನ್ನು ಆಶ್ರಯಿಸಬೇಕಾಗುವುದಿಲ್ಲ.

ಒಂದೇ ಕೈಗಾರಿಕಾ ಪ್ರದೇಶದ ಘಟಕಗಳ ನಡುವೆ ಕುಶಲ ಕೆಲಸಗಾರರು ಓಡಾಡುತ್ತಲೇ ಇರುತ್ತಾರೆ. ಇಂದು ಒಬ್ಬರಲ್ಲಿ ಕಲಿತವರು ನಾಳೆ ಇನ್ನೊಬ್ಬರಲ್ಲಿ ದುಡಿಯುತ್ತಾರೆ. ಇನ್ನೊಬ್ಬರಲ್ಲಿ ಕಲಿತವರು ಇವರ ಗೇಟಿಗೆ ಬರುತ್ತಾರೆ. ಆದ್ದರಿಂದ ಒಬ್ಬ ಮಾಲೀಕರು ಕೊಡುವ ಅನುಭವ ಪತ್ರ ಬಿಟ್ಟುಹೋಗುವವರಿಗೆ ಮಾಡುವ ಉಪಕಾರ ಮಾತ್ರವಲ್ಲ, ನೆರೆಯ ಉದ್ದಿಮೆಗೆ ಕೊಡುವ ಕೈಗಡ. ಎಲ್ಲರೂ ಕೊಡತೊಡಗಿದರೆ ಅದು ತಿರುಗಿ ಬರುತ್ತದೆ. ಅಂದು "ಜನ ಸಿಗುತ್ತಿಲ್ಲ" ಎಂಬ ದೂರು ಪೂರ್ಣವಾಗಿ ನಿಲ್ಲದಿದ್ದರೂ, ಗೇಟಿನ ಮುಂದೆಯೇ ನಿಂತಿದ್ದ ಕೆಲಸಗಾರರನ್ನು ಗುರುತಿಸಲಾರದೆ ಕಳೆದುಕೊಳ್ಳುವ ನಷ್ಟವಾದರೂ ತಪ್ಪುತ್ತದೆ.